ಗಂಡ ಬರಲ್ಲ ಅಂದರೆ ನಾನೊಬ್ಬಳೇ ಆನ್‌ಲೈನ್ ಥೆರಪಿ ತಗೊಳ್ಳಬಹುದಾ?

ಪ್ರಶ್ನೆ: ಮಗ ಎಂಟನೇ ಕ್ಲಾಸು. ಅವನ ಮೊಬೈಲು, ಮಾರ್ಕ್ಸು, ಟ್ಯೂಷನ್ನು ಅಂತ ನನಗೂ ನಮ್ಮನೆಯವರಿಗೂ ದಿನಾ ಜಗಳ. ಅತ್ತೆ ಮೊಮ್ಮಗನ ಪರ. ಆನ್‌ಲೈನ್‌ನಲ್ಲಿ ಯಾರ ಹತ್ತಿರವಾದರೂ ಮಾತಾಡೋಣ ಅಂದರೆ ಇವರು "ನಮಗೇನು ಹುಚ್ಚಾ?" ಅಂತಾರೆ. ನಾನೊಬ್ಬಳೇ ಮಾತಾಡಿದರೆ ಉಪಯೋಗ ಇದೆಯಾ?

ಉತ್ತರ: ಇದೆ. ಗಂಡ ಒಪ್ಪಲಿ ಅಂತ ಕಾಯುತ್ತಾ ಕೂತರೆ ಮಗ ಹತ್ತನೇ ಕ್ಲಾಸು ಮುಗಿಸಿರುತ್ತಾನೆ. ಮಕ್ಕಳ ಹಟ, ಓದಿನ ವಿಷಯ ಬಂದರೆ ಥೆರಪಿಸ್ಟ್‌ಗಳು ಎಷ್ಟೋ ಸಲ ಮಗುವಿಗಿಂತ ಅಪ್ಪ ಅಮ್ಮನ ಜೊತೆಗೇ ಜಾಸ್ತಿ ಕೆಲಸ ಮಾಡುತ್ತಾರೆ. ಆ ಇಬ್ಬರಲ್ಲಿ ಒಬ್ಬರೇ ಬರುವುದೂ ಅವರಿಗೆ ಹೊಸದಲ್ಲ.

ಒಬ್ಬರೇ ಹೋದರೆ ಏನು ಮಾಡಿಸುತ್ತಾರೆ? ಮೊದಲ ಸೆಷನ್ ಬಹುಪಾಲು ಪ್ರಶ್ನೆಗಳಲ್ಲೇ ಮುಗಿಯುತ್ತದೆ. ಆಮೇಲೆ, ಈಚೆಗೆ ಆದ ಒಂದೇ ಒಂದು ಜಗಳವನ್ನು ಪೂರ್ತಿ ಹೇಳಿ ಅನ್ನಬಹುದು. ಎಷ್ಟು ಗಂಟೆಗೆ ಶುರುವಾಯಿತು, ಮೊದಲು ಬಾಯಿ ತೆರೆದವರು ಯಾರು, ಅತ್ತೆ ಯಾವಾಗ ಬಂದರು, ಕೊನೆಗೆ ಎದ್ದು ಹೋದವರು ಯಾರು. ಹೀಗೆ ಎರಡು ಮೂರು ಜಗಳ ಬಿಡಿಸಿ ನೋಡಿದರೆ ದಾರಿ ಒಂದೇ ಅಂತ ಕಾಣುತ್ತದೆ. ನೀವು ಮಗನನ್ನು ಗದರುತ್ತೀರಿ. ಗಂಡ "ಬಿಡೇ, ಮಗು" ಅಂತಾರೆ. ತಾನೊಬ್ಬಳೇ ಕೆಟ್ಟವಳಾದೆ ಅನ್ನಿಸಿ ನಿಮ್ಮ ದನಿ ಏರುತ್ತದೆ. ಅವರು ಟಿವಿ ಕಡೆ ತಿರುಗುತ್ತಾರೆ. ಮಗ ಮೊಬೈಲ್ ಹಿಡಿದು ರೂಮು ಸೇರುತ್ತಾನೆ. ಇದರಲ್ಲಿ ನಿಮ್ಮ ಕೈಯಲ್ಲಿರುವುದು ಒಂದು ತುಂಡು ಮಾತ್ರ. ಗದರುವ ಹೊತ್ತನ್ನೋ ಮಾತನ್ನೋ ಬದಲಿಸಿ ಒಂದು ವಾರ ನೋಡಿ ಅಂತಾರೆ. ನೀವು ಬೇರೆ ಥರ ಶುರು ಮಾಡಿದರೆ ಗಂಡ ಹಳೇ ಉತ್ತರವನ್ನೇ ಕೊಡುವುದು ಕಷ್ಟ. ಗಂಡನನ್ನು ರಿಪೇರಿ ಮಾಡಿಸುವ ಆಸೆ ಇದ್ದರೆ ಮಾತ್ರ ನಿರಾಸೆಯಾಗುತ್ತದೆ. ನಿಮ್ಮೊಬ್ಬರ ಮಾತು ಕೇಳಿ "ತಪ್ಪೆಲ್ಲ ಅವರದೇ" ಅಂತ ತೀರ್ಪು ಕೊಡುವ ಥೆರಪಿಸ್ಟ್ ಸಿಕ್ಕರೆ ನಾನಂತೂ ಬದಲಾಯಿಸಿ ಅನ್ನುತ್ತೇನೆ.

ಇನ್ನು ಆನ್‌ಲೈನ್ ಅನ್ನುವುದರ ಬಗ್ಗೆ. ಆತಂಕ, ಖಿನ್ನತೆಗೆ ವಿಡಿಯೊದಲ್ಲಿ ಕೊಡುವ ಥೆರಪಿ ಎದುರಿಗೆ ಕೂತು ಮಾಡಿದಷ್ಟೇ ಫಲ ಕೊಟ್ಟದ್ದನ್ನು ಹಲವು ಅಧ್ಯಯನಗಳು ತೋರಿಸಿವೆ. ನಮ್ಮ ಮನೆಗಳಲ್ಲಿ ತೊಡಕಾಗುವುದು ಬಾಗಿಲು. ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡರೆ ಅತ್ತೆ ಎರಡು ಸಲವಾದರೂ ತಟ್ಟುತ್ತಾರೆ ಅಲ್ವಾ? ಇಯರ್‌ಫೋನ್ ಹಾಕಿದರೆ ಥೆರಪಿಸ್ಟ್ ಮಾತು ಹೊರಗೆ ಕೇಳದಂತೆ ಮಾಡಬಹುದು, ನಿಮ್ಮದು ಕೇಳುತ್ತಲೇ ಇರುತ್ತದೆ. ಮಗ ಸ್ಕೂಲಿಗೆ, ಅತ್ತೆ ದೇವಸ್ಥಾನಕ್ಕೆ ಹೋಗುವ ಹೊತ್ತು ನೋಡಿಕೊಳ್ಳಿ. ಇಲ್ಲದಿದ್ದರೆ ಟೆರೇಸು, ನಿಲ್ಲಿಸಿದ ಕಾರು, ಗೆಳತಿಯ ಮನೆ. ವಿಡಿಯೊ ಆಗದಿದ್ದರೆ ಬರೀ ಫೋನಿನಲ್ಲೂ ಮಾಡಬಹುದಾ ಅಂತ ಮೊದಲೇ ಕೇಳಿ.

ಅತ್ತ ಕಡೆ ಕೂತವರು ಯಾರು ಅಂತ ನೋಡುವುದೂ ನಿಮ್ಮ ಕೆಲಸವೇ. ಸೈಕಿಯಾಟ್ರಿಸ್ಟ್ ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯ ಓದಿದ ಡಾಕ್ಟರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಆದರೆ ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐನ, ನೋಂದಣಿ ಇರಬೇಕು. ಅದರ ನಂಬರ್ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಬರೀ "ಕೌನ್ಸೆಲರ್" ಅಂತ ಹಾಕಿಕೊಂಡವರ ಓದು ಒಬ್ಬೊಬ್ಬರದು ಒಂದೊಂದು ಥರ. ಎಲ್ಲಿ ಓದಿದಿರಿ, ಸಂಸಾರದ ಜಗಳಗಳ ಜೊತೆ ಕೆಲಸ ಮಾಡಿದ್ದೀರಾ ಅಂತ ನೇರವಾಗಿ ಕೇಳಿ. ಕನ್ನಡದಲ್ಲಿ ಮಾತಾಡುತ್ತಾರಾ ಅಂತಲೂ ಕೇಳಿ. ಮನೆಯ ಜಗಳವನ್ನು ಇಂಗ್ಲಿಷಿನಲ್ಲಿ ಹೇಳಲು ಹೋದರೆ ಅರ್ಧ ಬಿಟ್ಟೇ ಹೋಗುತ್ತದೆ.

ದುಡ್ಡಿನ ಯೋಚನೆ ಇದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಪ್ರತಿ ವಾರ ಅದೇ ಥೆರಪಿಸ್ಟ್ ಜೊತೆ ನಡೆಯುವ ಥೆರಪಿಗೆ ಇದು ಬದಲಿಯಲ್ಲ. ಆದರೆ ಮುಂದೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಲು ಸಾಕು.

ಒಬ್ಬರೇ ತಗೊಳ್ಳುವ ಈ ಥೆರಪಿ ಯಾರಿಗೆ ಸರಿಹೋಗುವುದಿಲ್ಲ? ಹೊಡೆತ, ಬೆದರಿಕೆ ಇರುವ ಮನೆಯಲ್ಲಿ "ನನ್ನ ಮಾತಿನ ಧಾಟಿ ಬದಲಿಸಿಕೊಳ್ಳುತ್ತೇನೆ" ಅನ್ನುವ ಥೆರಪಿಯಿಂದ ಶುರು ಮಾಡಬಾರದು. ಗಂಡ ನಿಮ್ಮ ಫೋನ್ ಚೆಕ್ ಮಾಡುವವರಾದರೆ ಆನ್‌ಲೈನ್ ಸೆಷನ್ನೇ ಅಪಾಯ ತರಬಹುದು. ಅಂಥ ಕಡೆ ಮಹಿಳಾ ಸಹಾಯವಾಣಿ 181, ತುರ್ತಿದ್ದರೆ 112. ಬದುಕೇ ಬೇಡ ಅನ್ನಿಸುತ್ತಿದ್ದರೆ ಬುಕ್ ಮಾಡಿದ ಸೆಷನ್‌ವರೆಗೆ ಕಾಯಬೇಡಿ. ಈಗಲೇ ಹತ್ತಿರದವರಿಗೆ ಹೇಳಿ, 14416ಕ್ಕೆ ಮಾಡಿ, ಇಲ್ಲವೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಸೆಷನ್ ಮುಗಿಸಿ ಬಂದು "ನಮ್ಮ ಥೆರಪಿಸ್ಟ್ ನಿಮ್ಮ ಬಗ್ಗೆ ಹೀಗಂದರು" ಅಂತ ಗಂಡನಿಗೆ ಹೇಳಬೇಡಿ. ಮುಂದೆ ಯಾವತ್ತಾದರೂ ಅವರು ಬರುವ ಸಾಧ್ಯತೆ ಇದ್ದರೆ ಅದೂ ಅಲ್ಲಿಗೇ ಮುಗಿಯಿತು. ಕೆಲವು ಸೆಷನ್ ಆದಮೇಲೆ, "ಮಗನ ವಿಷಯಕ್ಕೆ ನಿಮ್ಮ ಅಭಿಪ್ರಾಯವೂ ಬೇಕಂತೆ, ಒಂದು ಸಲ ಮಾತಾಡ್ತೀರಾ?" ಅಂತ ಕೇಳಿ ನೋಡಿ. ಥೆರಪಿಗೆ ಬಾರದವರು ಅಭಿಪ್ರಾಯ ಹೇಳಲು ಬರುವುದುಂಟು.