ತನಿಖೆ ಲೋಕಾಯುಕ್ತದ್ದು, ಅನುಮತಿ ಸರ್ಕಾರದ್ದು

ಅಧಿಕಾರಿಯೊಬ್ಬರು ಲೋಕಾಯುಕ್ತ ಬಲೆಗೆ ಬಿದ್ದ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಆ ಪ್ರಕರಣ ಮುಂದೇನಾಯಿತು ಎಂಬುದನ್ನು ಓದುವುದು ಅಪರೂಪ. ಇದಕ್ಕೆ ಕಾರಣ ಸಂಸ್ಥೆಯ ಹುಟ್ಟಿನಲ್ಲಿಯೇ ಇದೆ.

ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕೆಂದು ಆಡಳಿತ ಸುಧಾರಣಾ ಆಯೋಗ ಶಿಫಾರಸು ಮಾಡಿದ್ದು 1966ರಲ್ಲಿ. ದೇಶಕ್ಕೆ ಮೊದಲ ಲೋಕಪಾಲರು ಸಿಕ್ಕಿದ್ದು 2019ರಲ್ಲಿ. ಕರ್ನಾಟಕ ಅಷ್ಟು ಕಾಯಲಿಲ್ಲ. ರಾಮಕೃಷ್ಣ ಹೆಗಡೆ ಸರ್ಕಾರ ತಂದ 1984ರ ಕಾಯ್ದೆಯಂತೆ 1986ರ ಜನವರಿಯಲ್ಲಿ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಆದರೆ ಜನಸಾಮಾನ್ಯರ ಬಾಯಲ್ಲಿ ಅದರ ಹೆಸರು ನಿಂತದ್ದು 2001ರಲ್ಲಿ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಬಂದು, ಸರ್ಕಾರಿ ಆಸ್ಪತ್ರೆ, ಕಚೇರಿಗಳಿಗೆ ಹೇಳದೆ ಕೇಳದೆ ಹೋಗಿ ನಿಲ್ಲತೊಡಗಿದ ಮೇಲೆ.

ಬಲೆ ಬೀಸುವ ವಿಧಾನ ಸರಳ. ದೂರುದಾರ ಕೊಡಬೇಕಾದ ನೋಟುಗಳಿಗೆ ಫಿನಾಲ್ಫ್ಥಲೀನ್ ಪುಡಿ ಸವರಿ, ಪಂಚರ (ಸಾಕ್ಷಿಗಳ) ಸಮಕ್ಷಮ ಅವುಗಳ ಸಂಖ್ಯೆ ಬರೆದುಕೊಳ್ಳುತ್ತಾರೆ. ಹಣ ಮುಟ್ಟಿದ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ; ಆ ನೀರನ್ನು ಬಾಟಲಿಗೆ ತುಂಬಿ ಮೊಹರು ಹಾಕುತ್ತಾರೆ. ಇಷ್ಟೆಲ್ಲ ಒಂದೇ ದಿನದಲ್ಲಿ ಮುಗಿಯುತ್ತದೆ. ಆದರೆ ನ್ಯಾಯಾಲಯ ಆರೋಪವನ್ನು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ, ಆ ನೌಕರನನ್ನು ಸೇವೆಯಿಂದ ತೆಗೆಯುವ ಅಧಿಕಾರ ಯಾರಿಗಿದೆಯೋ ಅವರ ಪೂರ್ವಾನುಮತಿ ಬೇಕು. ಇದಕ್ಕೆ 3 ತಿಂಗಳ ಗಡುವು ಕಾನೂನಿನಲ್ಲಿದ್ದರೂ ಕಡತಗಳು ಆ ಗಡುವಿಗೆ ಓಗೊಡುವುದಿಲ್ಲ. ಇನ್ನು ಬಲೆಯಿಲ್ಲದೆ, ಅಧಿಕಾರಿ ಕೈಗೊಂಡ ತೀರ್ಮಾನದ ಬಗೆಗೆ ತನಿಖೆ ನಡೆಸುವುದಾದರೆ, ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ತನಿಖೆ ಆರಂಭಿಸುವುದಕ್ಕೇ ಅನುಮತಿ ಕೇಳಬೇಕು. ದುರಾಡಳಿತದ ದೂರುಗಳಲ್ಲಿ ಲೋಕಾಯುಕ್ತರು ಕೊಡುವ ವರದಿಯೂ ಶಿಫಾರಸು ಮಾತ್ರ.

ಈ ಮಿತಿ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ. ಜಪ್ತಿಯಾಗಿದ್ದ ಸುಮಾರು 5 ಲಕ್ಷ ಟನ್ ಕಬ್ಬಿಣದ ಅದಿರು ಉತ್ತರ ಕನ್ನಡದ ಬೇಲೆಕೇರಿ ಬಂದರಿನಿಂದ ಕಾಣೆಯಾಯಿತು. ಜಪ್ತಿಗೆ ಮುಂದಾಗಿದ್ದ ಅರಣ್ಯಾಧಿಕಾರಿಯ ಮೇಲೆಯೇ ಸರ್ಕಾರ ಕ್ರಮಕ್ಕೆ ಹೊರಟಾಗ ಲೋಕಾಯುಕ್ತ ಸಂತೋಷ್ ಹೆಗ್ಡೆ 2010ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು, ಬಳಿಕ ಹಿಂಪಡೆದರು. 2011ರ ಜುಲೈನಲ್ಲಿ ಅವರು ಸಲ್ಲಿಸಿದ ವರದಿಯ ಬೆನ್ನಲ್ಲೇ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಹುದ್ದೆ ತೊರೆಯಬೇಕಾಯಿತು. ಶಿಫಾರಸಿಗೆ ಅಂಥ ಬಲ ಬಂದದ್ದು ಕಾಯ್ದೆಯಿಂದಲ್ಲ, ಜನರ ಸಿಟ್ಟಿನಿಂದ ಎಂಬುದು ಗಮನಾರ್ಹ.

2015ರಲ್ಲಿ ಸಂಸ್ಥೆಯ ಕಚೇರಿಯ ಸುತ್ತಲೇ ಸುಲಿಗೆಯ ಆರೋಪ ಎದ್ದು, ಆಗಿನ ಲೋಕಾಯುಕ್ತರು ಡಿಸೆಂಬರ್‌ನಲ್ಲಿ ನಿರ್ಗಮಿಸಿದರು. ವರ್ಷಕ್ಕೂ ಹೆಚ್ಚು ಕಾಲ ಆ ಕುರ್ಚಿ ಖಾಲಿ ಉಳಿಯಿತು. ರೋಗ ಸಂಸ್ಥೆಯೊಳಗೂ ಇತ್ತೆಂಬುದನ್ನು ಒಪ್ಪಬೇಕು. ಆದರೆ ಅದಕ್ಕೆ ಸಿಕ್ಕ ಮದ್ದು ವಿಚಿತ್ರವಾಗಿತ್ತು: 2016ರ ಮಾರ್ಚ್‌ನಲ್ಲಿ ಸರ್ಕಾರಿ ಆದೇಶದ ಮೂಲಕ ಭ್ರಷ್ಟಾಚಾರ ನಿಗ್ರಹ ದಳ ರಚನೆಯಾಗಿ, ಲಂಚದ ಪ್ರಕರಣಗಳು ಸ್ವತಂತ್ರ ಸಂಸ್ಥೆಯಿಂದ ಸರ್ಕಾರದ ಅಧೀನಕ್ಕೆ ಸರಿದವು. ನಂತರದ ಸರ್ಕಾರಗಳೂ ಅದನ್ನು ಹಾಗೆಯೇ ಉಳಿಸಿಕೊಂಡವು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನು ರದ್ದುಪಡಿಸಿದ ಮೇಲೆ ಅದರ ಪ್ರಕರಣಗಳು ಲೋಕಾಯುಕ್ತ ಪೊಲೀಸರಿಗೆ ಮರಳಿದವು. ಅನುಮತಿ ಕೊಡುವ ಅಧಿಕಾರ ಮಾತ್ರ ಮೊದಲು ಇದ್ದಲ್ಲಿಯೇ ಇದೆ.