ಗಾಜಿನ ಲೋಟಕ್ಕೆ ಬಣ್ಣ: ಮನೆಯಲ್ಲೇ ಕಲಿಯುವವರಿಗೆ ಟಿಪ್ಪಣಿ

ಕಾಗದ, ಬಟ್ಟೆ, ಮರ ಮೂರೂ ಬಣ್ಣ ಹೀರುತ್ತವೆ. ಗಾಜು ಒಂದು ಹನಿಯನ್ನೂ ಹೀರುವುದಿಲ್ಲ, ಬಣ್ಣ ಅದರ ಮೈಯನ್ನು ಕಚ್ಚಿಕೊಂಡು ಕೂತಿರುತ್ತದೆ ಅಷ್ಟೆ. ಬಣ್ಣ ಸುಲಿದು ಏಳುವುದು, ಜಾರಿ ತಳಕ್ಕೆ ಸೇರುವುದು, ತೊಳೆದಾಗ ಬಿಟ್ಟುಹೋಗುವುದು, ಹೆಚ್ಚುಕಡಿಮೆ ಎಲ್ಲ ಎಡವಟ್ಟುಗಳ ಬೇರು ಇಲ್ಲಿದೆ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆಯೇ ಒಂದು ಮಾತು ತೀರ್ಮಾನವಾಗಬೇಕು: ಈ ವಸ್ತುವನ್ನು ದಿನಾ ತೊಳೆಯುತ್ತೀರೋ, ಬರೀ ನೋಡಲಿಕ್ಕೆ ಇಡುತ್ತೀರೋ?

ನೋಡಲಿಕ್ಕೆ ಇಡುವ ಹೂದಾನಿ, ದೀಪದ ಗ್ಲಾಸುಗಳಿಗೆ ಥಿನ್ನರ್ ವಾಸನೆಯ ಪಾರದರ್ಶಕ ಗ್ಲಾಸ್ ಕಲರ್ ಸಾಕು. ಹೊಳಪು ಚೆನ್ನಾಗಿರುತ್ತದೆ, ಬೆಳಕು ಹಾಯುತ್ತದೆ, ಆದರೆ ಪಾತ್ರೆ ಉಜ್ಜುವ ಸ್ಕ್ರಬ್ಬರ್ ತಾಗಿದರೆ ಉಳಿಯುವುದಿಲ್ಲ. ಕುಡಿಯುವ ಲೋಟಕ್ಕೆ ಓವನ್‌ನಲ್ಲಿ ಕಾಯಿಸಿ ಗಟ್ಟಿ ಮಾಡುವ, ಥಿನ್ನರ್ ಬದಲು ನೀರಿನಲ್ಲಿ ಕಲಸಿ ತಯಾರಿಸಿದ (ವಾಟರ್ ಬೇಸ್ಡ್) ಬಣ್ಣವೇ ಬೇಕು. ಬಾಟಲಿಯ ಮೇಲೆ ಡಿಗ್ರಿ, ನಿಮಿಷ ಬರೆದಿರದಿದ್ದರೆ ಅದು ಕಾಯಿಸುವ ಬಣ್ಣವಲ್ಲ ಎಂದೇ ತಿಳಿಯಿರಿ. ಬಣ್ಣ ಯಾವುದೇ ಆಗಲಿ, ಲೋಟದ ಒಳಗೆ ಬಳಿಯಬಾರದು. ಹೊರಗೂ ಅಂಚಿನಿಂದ ಕೆಳಕ್ಕೆ 2 ಸೆಂ.ಮೀ. ಜಾಗ ಖಾಲಿ ಬಿಡಬೇಕು, ತುಟಿ ತಾಗುವ ಜಾಗ ಅದು.

ತೊಳೆಯುವುದೇ ಅರ್ಧ ಕೆಲಸ

ಹೊಸ ಲೋಟವಾದರೂ ಸೋಪು, ಬಿಸಿನೀರಿನಲ್ಲಿ ತೊಳೆಯಿರಿ. ಉಪ್ಪಿನಕಾಯಿ ಬಾಟಲಿಯನ್ನು ಮರುಬಳಕೆ ಮಾಡುವವರು ಲೇಬಲ್ಲಿನ ಗೋಂದಿಗೆ ಕೊಬ್ಬರಿ ಎಣ್ಣೆ, ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಬಹುದು. ಆಮೇಲೆ ಆ ಎಣ್ಣೆಯನ್ನೂ ಸೋಪಿನಿಂದ ಪೂರ್ತಿ ತೆಗೆಯಬೇಕು. ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ, ಮಂಡ್ಯದ ಕಡೆ ಇದು ಸಾಮಾನ್ಯ, ಒಣಗಿದ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಅದು ಸೋಪಿಗೆ ಬಗ್ಗುವುದಿಲ್ಲ. ನಿಂಬೆರಸ ಅಥವಾ ವಿನೆಗರ್‌ನಲ್ಲಿ ಒರೆಸಿ, ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಿಸಿ.

ಪರೀಕ್ಷೆ ಸುಲಭ. ಗಾಜಿನ ಮೇಲೆ ನೀರು ಸುರಿಯಿರಿ. ನೀರು ಒಂದೇ ಪದರವಾಗಿ ಹರಡಿ ಇಳಿದರೆ ಶುದ್ಧ, ಅಲ್ಲಲ್ಲಿ ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ. ಒಣಗಿದ ಮೇಲೆ ನೂಲು ಬಿಡದ ಬಟ್ಟೆಯಲ್ಲಿ ಸ್ಪಿರಿಟ್ ಹಾಕಿ ಒರೆಸಿ. ಇಲ್ಲಿ ಎಚ್ಚರ ಬೇಕು: ಸ್ಪಿರಿಟ್ ಬದಲು ಕೈ ಸ್ಯಾನಿಟೈಸರ್ ಬಳಸಬೇಡಿ. ಅದರಲ್ಲಿ ಚರ್ಮ ಒಣಗದಿರಲೆಂದು ಗ್ಲಿಸರಿನ್ ಸೇರಿಸಿರುತ್ತಾರೆ, ಅದು ಗಾಜಿನ ಮೇಲೆ ಉಳಿದು ಬಣ್ಣವನ್ನು ಅಂಟಲು ಬಿಡುವುದಿಲ್ಲ. ಮೆಡಿಕಲ್ ಶಾಪಿನ ಸ್ಪಿರಿಟ್ಟನ್ನೂ ಒಂದು ಹನಿ ಗಾಜಿನ ಮೇಲೆ ಬಿಟ್ಟು ನೋಡಿ, ಆರಿದ ಮೇಲೆ ಮಬ್ಬು ವೃತ್ತ ಉಳಿದರೆ ಬೇಡ. ಇದಾದ ಮೇಲೆ ಲೋಟವನ್ನು ಒಳಗಿನಿಂದ ಅಥವಾ ಅಂಚಿನಲ್ಲಷ್ಟೇ ಹಿಡಿಯಿರಿ. ಬೆರಳಚ್ಚು ಬಿದ್ದ ಕಡೆಯೇ ಬಣ್ಣ ಮೊದಲು ಏಳುತ್ತದೆ.

ವಿನ್ಯಾಸವನ್ನು ಮನೆಗಳಾಗಿ ಒಡೆಯುವುದು

ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನೋಡಿದವರಿಗೆ ನವಿಲಿನ ಬಣ್ಣದ ಗಾಜಿನ ಛಾವಣಿ ನೆನಪಿರುತ್ತದೆ. ಆ ಗಾಜು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದದ್ದು. ಈ ಬಗೆಯ ಕೆಲಸದಲ್ಲಿ ಒಂದೊಂದು ಬಣ್ಣವೂ ಒಂದೊಂದು ಗಾಜಿನ ಚೂರು, ಚೂರುಗಳ ನಡುವೆ ಸೀಸದ ಪಟ್ಟಿ. ನಮ್ಮ ಲೋಟದ ಮೇಲೆ ಆ ಪಟ್ಟಿಯ ಕೆಲಸವನ್ನು ಲೈನರ್, ಅಂದರೆ ಟ್ಯೂಬಿನಿಂದ ಹಿಂಡಿ ಉಬ್ಬುಗೆರೆ ಎಳೆಯುವ ದಪ್ಪ ಬಣ್ಣ, ಮಾಡುತ್ತದೆ. ಆದ್ದರಿಂದ ಮಲ್ಲಿಗೆಯಾಗಲಿ, ಗಂಡಭೇರುಂಡವಾಗಲಿ, ಚಿತ್ರದ ಪ್ರತಿ ಬಣ್ಣಕ್ಕೂ ನಾಲ್ಕೂ ಕಡೆ ಮುಚ್ಚಿದ ಮನೆ ಇರಬೇಕು. ಸೂಜಿಮೊನೆಯಷ್ಟು ಸಂದು ಉಳಿದರೂ ಕೆಂಪು ಹೋಗಿ ಹಳದಿಗೆ ಸೇರುತ್ತದೆ. ಗರಿಯ ಎಳೆಎಳೆ ಬಿಡಿಸುವ ಆಸೆ ಬೇಡ, 5 ಮಿ.ಮೀ.ಗಿಂತ ಸಣ್ಣ ಮನೆಯನ್ನು ತುಂಬುವುದು ಹೊಸಬರಿಗೆ ಕಷ್ಟ.

ಕಾಗದದ ಮೇಲೆ ಬರೆದು ಲೋಟದ ಒಳಗೆ ಟೇಪಿನಿಂದ ಅಂಟಿಸಿ, ಹಿಂದಿನಿಂದ ಬಟ್ಟೆ ತುರುಕಿ ಗಾಜಿಗೆ ಒತ್ತಿಸಿ. ಸುತ್ತ ಸಮನಾಗಿ ಹೂ ಬರಬೇಕೆಂದರೆ ಲೋಟಕ್ಕೆ ಕಾಗದದ ಪಟ್ಟಿ ಸುತ್ತಿ, ಕೂಡುವಲ್ಲಿ ಕತ್ತರಿಸಿ, ಮೂರು ಸಲ ಮಡಚಿ. 7.5 ಸೆಂ.ಮೀ. ಅಗಲದ ಲೋಟದ ಸುತ್ತಳತೆ ಸುಮಾರು 23.5 ಸೆಂ.ಮೀ., ಎಂಟು ಭಾಗಕ್ಕೆ ತಲಾ 3 ಸೆಂ.ಮೀ.ಗೆ ಸ್ವಲ್ಪ ಕಡಿಮೆ ಸಿಗುತ್ತದೆ.

ಲೈನರ್ ಟ್ಯೂಬನ್ನು ಮೂತಿ ಕೆಳಗೆ ಮಾಡಿ ನಾಲ್ಕು ಸಲ ತಟ್ಟಿ, ಗಾಳಿ ಮೇಲೇರಲಿ. ಮೊದಲ ಹನಿ ಹಳೇ ಪೇಪರಿನ ಮೇಲೆ ಹೋಗಲಿ. ಮೂತಿಯಿಂದ ಗಾಜನ್ನು ಗೀಚಬೇಡಿ. ಶುರುವಿನಲ್ಲಿ ತಾಗಿಸಿ, 2–3 ಮಿ.ಮೀ. ಮೇಲೆತ್ತಿ, ದಾರ ತಾನಾಗಿ ಬಿದ್ದಂತೆ ಎಳೆದು, ಕೊನೆಯಲ್ಲಿ ಮತ್ತೆ ತಾಗಿಸಿ. ಕೈ ನಿಧಾನವಾದರೆ ಗೆರೆ ಉಬ್ಬುತ್ತದೆ, ಜೋರಾದರೆ ತುಂಡಾಗುತ್ತದೆ. ತಪ್ಪಿದ ಗೆರೆಯನ್ನು ಹಸಿ ಇರುವಾಗ ಉಜ್ಜಬೇಡಿ, ಕಲೆ ಹರಡುತ್ತದೆ. ಒಣಗಲು ಬಿಟ್ಟು ಬ್ಲೇಡಿನ ತುದಿಯಲ್ಲಿ ಎಬ್ಬಿಸಿದರೆ ಗೆರೆ ಅಚ್ಚುಕಟ್ಟಾಗಿ ಬರುತ್ತದೆ. ಬಣ್ಣ ತುಂಬುವ ಮುಂಚೆ ಕನಿಷ್ಠ 4 ಗಂಟೆ, ಮಳೆಗಾಲದಲ್ಲಿ ಒಂದು ರಾತ್ರಿ ಒಣಗಲಿ.

ತುಂಬುವುದು

ನಿಲ್ಲಿಸಿದ ಲೋಟಕ್ಕೆ ಬಣ್ಣ ತುಂಬಿದರೆ ಪ್ರತಿ ಮನೆಯಲ್ಲೂ ಮೇಲ್ಭಾಗ ತೆಳು, ಕೆಳಗೆ ದಪ್ಪ. ಅಗಲ ಬಟ್ಟಲಿಗೆ ರಾಗಿ ಹಾಕಿ, ಮೇಲೆ ಬಟ್ಟೆ ಹೊದಿಸಿ, ಲೋಟವನ್ನು ಅದರಲ್ಲಿ ಮಲಗಿಸಿ. ಬೇಕಾದ ಕೋನಕ್ಕೆ ಒತ್ತಿದರೆ ಉರುಳದೆ ನಿಲ್ಲುತ್ತದೆ. ಮೇಲ್ಮುಖವಾಗಿರುವ ಮನೆಗಳನ್ನಷ್ಟೇ ತುಂಬಿ, ಒಂದು ಗಂಟೆ ಬಿಟ್ಟು ತಿರುಗಿಸಿ. ಅವಸರ ಮಾಡಿದರೆ ಹಿಂದಿನ ಭಾಗ ಜಾರುತ್ತದೆ.

ಬಣ್ಣದ ಬಾಟಲಿಯನ್ನು ಕುಲುಕಬೇಡಿ, ಗುಳ್ಳೆ ಏಳುತ್ತದೆ. ಅಂಗೈಗಳ ನಡುವೆ ಉರುಳಿಸಿದರೆ ಸಾಕು. ಬ್ರಷ್ಷಿನ ತುಂಬ ಬಣ್ಣ ತೆಗೆದು ಮನೆಯ ನಡುವೆ ಹನಿ ಬಿಟ್ಟು, ಅಂಚಿಗೆ ತಳ್ಳಿ. ಗೋಡೆಗೆ ಸುಣ್ಣ ಹೊಡೆದಂತೆ ಹಿಂದೆ ಮುಂದೆ ಎಳೆದರೆ ಗೀರು ಉಳಿಯುತ್ತದೆ. ಗುಳ್ಳೆ ಕಂಡರೆ ಹಸಿ ಇರುವಾಗಲೇ ಸೂಜಿಯಿಂದ ಚುಚ್ಚಿ. ತಿಳಿ ಬಣ್ಣ ಬೇಕೆಂದು ನೀರನ್ನೋ ಥಿನ್ನರನ್ನೋ ಸುರಿದರೆ ಹಿಡಿತ ಹೋಗುತ್ತದೆ. ಅದೇ ಕಂಪನಿಯ ಬಣ್ಣವಿಲ್ಲದ ಮೀಡಿಯಮ್ (ಬಣ್ಣವನ್ನು ತಿಳಿಯಾಗಿಸಲು ಬೆರೆಸುವ ದ್ರವ) ಸೇರಿಸಿ. ಥಿನ್ನರ್ ಬಣ್ಣವಾದರೆ ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ ಹತ್ತಿರ ಇರಬಾರದು.

ಕಾಯಿಸುವುದು

ಮೊದಲು 24 ಗಂಟೆ ಒಣಗಬೇಕು. ಒಳಗೆ ತೇವ ಉಳಿದರೆ ಬಿಸಿಗೆ ಗುಳ್ಳೆ ಬರುತ್ತದೆ. ಹಲವು ಬಣ್ಣಗಳಿಗೆ 160 ಡಿಗ್ರಿ, 30ರಿಂದ 40 ನಿಮಿಷ, ಆದರೆ ನಿಮ್ಮ ಬಾಟಲಿಯ ಮೇಲಿನ ಲೆಕ್ಕವೇ ಕೊನೆ. ಲೈನರ್‌ಗೂ ಕಾಯಿಸಬಹುದೆಂದು ಬರೆದಿರಬೇಕು. ಲೋಟವನ್ನು ತಣ್ಣನೆಯ ಓಟಿಜಿಯಲ್ಲಿ (ಬಿಸಿಯಾಗುವ ರಾಡ್‌ಗಳಿರುವ ಮನೆಬಳಕೆಯ ಕರೆಂಟ್ ಓವನ್) ಇಟ್ಟು ಆಮೇಲೆ ಸ್ವಿಚ್ ಹಾಕಿ, ನಿಗದಿತ ಬಿಸಿ ಮುಟ್ಟಿದ ಮೇಲೆ ಸಮಯ ಎಣಿಸಿ. ದಪ್ಪ ತಳ, ತೆಳು ಗೋಡೆಯ ಲೋಟ ಒಮ್ಮೆಲೇ ಬಿಸಿ ಕಂಡರೆ ಎರಡೂ ಒಂದೇ ವೇಗದಲ್ಲಿ ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ತಣಿಯುವಾಗಲೂ ಇದೇ ಅಪಾಯ, ಹಾಗಾಗಿ ಆರುವವರೆಗೆ ಬಾಗಿಲು ತೆಗೆಯಬೇಡಿ. ಮೇಲಿನ ರಾಡ್ ಆರಿಸಿಡಿ, ಹತ್ತಿರದ ಶಾಖಕ್ಕೆ ಬಿಳಿ ಬಣ್ಣ ಹಳದಿಯಾಗುತ್ತದೆ. ಓಟಿಜಿಯ ಗುಂಡಿ ತೋರಿಸುವ ಡಿಗ್ರಿಯನ್ನು ಪೂರ್ತಿ ನಂಬುವಂತಿಲ್ಲ, ಒಳಗೆ ಇಡುವ ಓವನ್ ಥರ್ಮಾಮೀಟರ್ ಕೊಳ್ಳುವುದು ಒಳ್ಳೆಯದು. ಮೈಕ್ರೋವೇವ್ ಇದಕ್ಕೆ ಆಗದು, ಲೋಹದ ಪುಡಿ ಇರುವ ಚಿನ್ನದ ಬಣ್ಣವಿದ್ದರೆ ಕಿಡಿಯೂ ಹಾರಬಹುದು. ಕಾಯಿಸಿದ ಲೋಟವನ್ನೂ ಮೆತ್ತನೆ ಸ್ಪಂಜಿನಲ್ಲೇ ತೊಳೆಯಿರಿ, ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಡಿ.

ದಸರಾ ಗೊಂಬೆ ಕೂರಿಸುವ ಮೆಟ್ಟಿಲ ಮೇಲೆ ಬಣ್ಣದ ಗ್ಲಾಸಿನಲ್ಲಿ ದೀಪ ಇಡುವವರು ಅಗಲ ಬಾಯಿಯ ಗ್ಲಾಸನ್ನೇ ಆರಿಸಿ. ಥಿನ್ನರ್ ಬಣ್ಣ ಬಳಿದಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ ಒಂದು ವಾರ, ಒಣಗಲಿ. ತಳದಲ್ಲಿ ಒಂದು ಬೆರಳು ನೀರು ಹಾಕಿ ತೇಲುವ ದೀಪ ಬಿಟ್ಟರೆ ಗಾಜಿನ ತಳ ಕಾಯುವುದಿಲ್ಲ. ಜ್ವಾಲೆ ಗ್ಲಾಸಿನ ಗೋಡೆಗೆ ತಾಗದಂತೆ, ಮೇಲಿನ ಮೆಟ್ಟಿಲಿನ ಬಟ್ಟೆ ಜ್ವಾಲೆಯ ನೇರಕ್ಕೆ ಬರದಂತೆ ಇಡಿ.