ಕಡಿಮೆ ಖರ್ಚಿನ ಆರ್‌ಸಿ ಬಗ್ಗಿ: ಎರೆ ಮಣ್ಣಿಗೂ ಗರಸಿಗೂ ಹೊಂದಿಸುವುದು

ಆರ್‌ಸಿ ಬಗ್ಗಿ ಅಂದರೆ ರಿಮೋಟಿನಲ್ಲಿ ಓಡಿಸುವ ಆಟದ ಗಾಡಿ. ಬಾಕ್ಸ್ ಮೇಲೆ ಬರೆದ ವೇಗ ನೋಡಿ ಅದನ್ನು ಆರಿಸಬೇಡಿ. ದಾವಣಗೆರೆ ಸುತ್ತ ಎರೆ ಹೊಲದ ಬಿರುಕು, ಚಿತ್ರದುರ್ಗದ ಕಡೆ ಗರಸು, ಎರಡೂ ಕಡೆ ಏಪ್ರಿಲ್ ಬಿಸಿಲು. ಇದನ್ನೆಲ್ಲ ತಾಳಿಕೊಳ್ಳುವ ಗಾಡಿಯೇ ನಮ್ಮಲ್ಲಿ ವೇಗದ ಗಾಡಿ.

ಮೊದಲು ಸೈಜು. ಕಡಿಮೆ ದುಡ್ಡಿಗೆ ವೇಗ ಬೇಕು ಅನ್ನುವವರು ಹುಡುಕುತ್ತಾ ಹೋದರೆ ಡಬ್ಲ್ಯೂಎಲ್‌ಟಾಯ್ಸ್ 144001 ಸಿಕ್ಕೇ ಸಿಗುತ್ತದೆ. ನಿಜವಾದ ಗಾಡಿಯ 1/14 ಅಳತೆ, ನಾಲ್ಕೂ ಚಕ್ರಕ್ಕೆ ಎಳೆತ, 550 ಸೈಜಿನ ಬ್ರಷ್ ಮೋಟರ್, 7.4 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಕಂಪನಿ ಹೇಳುವ ವೇಗ ಗಂಟೆಗೆ 60 ಕಿ.ಮೀ. ಶಾಲೆ ಮೈದಾನದಂಥ ಗಟ್ಟಿ ನೆಲಕ್ಕೆ ಇದು ಸಾಕು. ಆದರೆ ಬೇಸಿಗೆಯಲ್ಲಿ ಎರೆ ಹೊಲ ಬಿರಿದಾಗ ಇಷ್ಟು ಚಿಕ್ಕ ಚಕ್ರ ಬಿರುಕಿನೊಳಗೆ ಕೂತುಬಿಡುತ್ತದೆ. ಹೊಲದ ಬದಿಯಲ್ಲೇ ಓಡಿಸುವವರು ಇದಕ್ಕಿಂತ ದೊಡ್ಡದಾದ 1/10 ಅಳತೆಯದು ನೋಡಿ. ಮಳೆ ಬಿದ್ದ ಎರೆ ಮಣ್ಣಿಗಂತೂ ಯಾವ ಸೈಜನ್ನೂ ಇಳಿಸಬೇಡಿ. ಚಕ್ರಕ್ಕೆ ಮಣ್ಣು ಮೆತ್ತಿ ಭಾರ ಏರುತ್ತದೆ, ಮೋಟರ್ ಬಿಸಿಯಾಗುತ್ತದೆ.

ಬ್ರಷ್‌ಲೆಸ್ ಮೋಟರ್ ಬೇಕಾ? ಅದರಲ್ಲಿ ಸವೆಯುವ ಬ್ರಷ್ ಇಲ್ಲ, ಶಕ್ತಿಯೂ ಜಾಸ್ತಿ. ಆದರೆ ಮೋಟರ್ ಬದಲಿಸಿದರೆ ಸಾಮಾನ್ಯವಾಗಿ ಇಎಸ್‌ಸಿಯನ್ನೂ (ಮೋಟರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನ) ಬದಲಿಸಬೇಕು. ಆ ಶಕ್ತಿಗೆ ಅಗ್ಗದ ಗೇರುಗಳ ಹಲ್ಲು ಉದುರಬಹುದು. ಮೊದಲ ಗಾಡಿ ಬ್ರಷ್ ಮೋಟರಿನದೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಉಳಿದ ದುಡ್ಡಿಗೆ ಒಳ್ಳೆಯ ಬ್ಯಾಲೆನ್ಸ್ ಚಾರ್ಜರ್ (ಎಲ್ಲ ಸೆಲ್‌ಗಳನ್ನೂ ಸಮವಾಗಿ ತುಂಬುವಂಥದ್ದು), ಒಂದು ಜೊತೆ ಸಸ್ಪೆನ್ಷನ್ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ತೋಳು), ಒಂದು ಸ್ಪರ್ ಗೇರ್ (ಮೋಟರಿನ ಚಿಕ್ಕ ಗೇರು ತಿರುಗಿಸುವ ದೊಡ್ಡ ಗೇರು) ತೆಗೆದಿಡಿ. ಬಿಡಿಭಾಗ ಸಿಗದ ಗಾಡಿ ಎಷ್ಟೇ ಅಗ್ಗವಾದರೂ ಬೇಡ.

ಲಿಪೊ ಬ್ಯಾಟರಿಯ ಒಂದು ಸೆಲ್ ತುಂಬಿದಾಗ 4.2 ವೋಲ್ಟ್. 3 ವೋಲ್ಟಿಗಿಂತ ಕೆಳಗೆ ಇಳಿದರೆ ಸೆಲ್ ಕೆಡುತ್ತದೆ. ಓಡಿಸದೆ ಇಡುವಾಗ ಸುಮಾರು 3.8ರಲ್ಲಿ ಇಡಿ. ಚಾರ್ಜಿಗೆ ಹಾಕಿ ಮನೆ ಬಿಟ್ಟು ಹೋಗಬೇಡಿ. ಬಿಸಿಲಲ್ಲಿ ನಿಂತ ಸ್ಕೂಟರ್ ಡಿಕ್ಕಿಯಲ್ಲಿ ಬ್ಯಾಟರಿ ಇಡಲೇಬೇಡಿ.

ವೇಗದ ಲೆಕ್ಕ ನೀವೇ ಮಾಡಬಹುದು, ತುಂಬಾ ಸುಲಭ. ಬ್ರಷ್‌ಲೆಸ್ ಮೋಟರ್ ಮೇಲೆ 3300 ಕೆವಿ ಅಂತ ಇದ್ದರೆ, ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು. 7.4 ವೋಲ್ಟಿಗೆ 24,420 ಸುತ್ತು. ಮೋಟರ್ 10 ಸುತ್ತಿದಾಗ ಚಕ್ರ 1 ಸುತ್ತುತ್ತದೆ ಅಂದುಕೊಳ್ಳಿ. ಚಕ್ರಕ್ಕೆ 2,442 ಸುತ್ತು ಬಂತು. 85 ಮಿ.ಮೀ. ಅಡ್ಡಳತೆಯ ಚಕ್ರ ಒಂದು ಸುತ್ತಿಗೆ ಸುಮಾರು 26.7 ಸೆಂ.ಮೀ. ಸಾಗುತ್ತದೆ. ಗಂಟೆಗೆ ಸುಮಾರು 39 ಕಿ.ಮೀ. ಆಯಿತು. ನೆಲದ ಮೇಲೆ ಇದಕ್ಕಿಂತ ಕಡಿಮೆಯೇ ಬರುತ್ತದೆ. ಪಿನಿಯನ್ ಅಂದರೆ ಮೋಟರಿನ ತುದಿಯ ಚಿಕ್ಕ ಗೇರನ್ನು 20 ಹಲ್ಲಿನಿಂದ 22ಕ್ಕೆ ಏರಿಸಿದರೆ ಲೆಕ್ಕದಲ್ಲಿ 43 ಆಗುತ್ತದೆ, ಜೊತೆಗೆ ಮೋಟರಿನ ಬಿಸಿಯೂ ಏರುತ್ತದೆ. ಅದಕ್ಕೇ ಪಿನಿಯನ್ನಿಗೆ ಕೊನೆಗೆ ಕೈ ಹಾಕಬೇಕು.

ಶುರು ಮಾಡಬೇಕಾದದ್ದು ಟೈರಿನಿಂದ. ಸಡಿಲ ಧೂಳಿಗೆ ಉದ್ದ ಮುಳ್ಳಿನ ಟೈರ್, ಗಟ್ಟಿ ನೆಲಕ್ಕೆ ಗಿಡ್ಡ ಮುಳ್ಳು. ಆಮೇಲೆ ಎತ್ತರ. ಬ್ಯಾಟರಿ ಹಾಕಿದ ಗಾಡಿಯನ್ನು ಒಂದು ಗೇಣು ಮೇಲಿಂದ ಬಿಡಿ. ಅದು ಕುಳಿತಾಗ ಕೆಳಗಿನ ಆರ್ಮ್‌ಗಳು ನೆಲಕ್ಕೆ ಸಮವಾಗಿರಬೇಕು. ಗರಸಿನಲ್ಲಿ ಕಲ್ಲು ತಾಗುತ್ತದೆ, ಸ್ವಲ್ಪ ಎತ್ತರವೇ ಇರಲಿ.

ಷಾಕ್ ಅಬ್ಸಾರ್ಬರ್ ಒಳಗಿನ ಆಯಿಲ್ ವಿಷಯ ಜನ ಬಿಟ್ಟುಬಿಡುತ್ತಾರೆ. ಬಿಸಿ ಏರಿದಂತೆ ಆಯಿಲ್ ತೆಳುವಾಗುತ್ತದೆ. ಡಿಸೆಂಬರಿನಲ್ಲಿ ಚೆನ್ನಾಗಿದ್ದ ಗಾಡಿ ಏಪ್ರಿಲ್ ಮಧ್ಯಾಹ್ನ ಕುಪ್ಪಳಿಸುವುದು ಇದರಿಂದಲೂ ಹೌದು. ಆಯಿಲ್ ಬಾಟಲಿ ಮೇಲಿನ ನಂಬರ್ ಜಾಸ್ತಿಯಾದಷ್ಟೂ ಆಯಿಲ್ ದಪ್ಪ; ಚಳಿಯಲ್ಲಿ 30 ನಂಬರಿನದು ಹಾಕಿದ್ದರೆ ಬೇಸಿಗೆಗೆ 35 ಅಥವಾ 40 ಹಾಕಿ ನೋಡಿ. ಸಿಲಿಕೋನ್ ಆಯಿಲ್ಲೇ ಬೇಕು. ಬೈಕ್ ಫೋರ್ಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ರಿಂಗ್ ಉಬ್ಬಬಹುದು. ಪಿಸ್ಟನ್ನನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ ಗುಳ್ಳೆ ಪೂರ್ತಿ ಹೋಗುವ ತನಕ ಕಾಯಿರಿ. ಎಡ ಬಲ ಎರಡರಲ್ಲೂ ಮಟ್ಟ ಒಂದೇ ಇರಬೇಕು.

ವೇಗದಲ್ಲಿ ಹಿಂಭಾಗ ಜಾರುತ್ತಿದ್ದರೆ ಹಿಂದಿನ ಚಕ್ರಗಳ ಮುಂಭಾಗ 2ರಿಂದ 3 ಡಿಗ್ರಿ ಒಳಕ್ಕೆ ತಿರುಗಿದೆಯಾ ನೋಡಿ. ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಆಯಿಲ್ಲಿಗೆ ಕಲಿಯುವ ಹಂತದಲ್ಲಿ ಕೈ ಹಾಕುವುದೇ ಬೇಡ.

ಈಗ ಪಿನಿಯನ್. ಪಿನಿಯನ್ ಮತ್ತು ಸ್ಪರ್ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಮೋಟರ್ ಬಿಗಿ ಮಾಡಿ, ಆಮೇಲೆ ಕಾಗದ ಎಳೆಯಿರಿ. ಹಲ್ಲುಗಳ ನಡುವಿನ ಸಡಿಲ ಸರಿಯಾಗಿರುತ್ತದೆ. ಗೇರ್ ಕವರ್ ಇಲ್ಲದೆ ಗರಸಿಗೆ ಇಳಿಸಿದರೆ ಒಂದೇ ಒಂದು ಹರಳು ಹಲ್ಲು ಮುರಿಯಲು ಸಾಕು. ಒಂದು ಹಲ್ಲು ಏರಿಸಿ, ಐದು ನಿಮಿಷ ಓಡಿಸಿ, ಮೋಟರಿನ ಬಿಸಿ ಅಳೆಯಿರಿ. 80 ಡಿಗ್ರಿ ದಾಟಬಾರದು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಇಲ್ಲಿ ನಡೆಯುವುದಿಲ್ಲ, ಅದು ಮೈ ಬಿಸಿಯ ಮಟ್ಟಕ್ಕೆ ಮಾತ್ರ. ಯಂತ್ರಗಳಿಗೆ ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಮಾರ್ಚ್ ಬರುತ್ತಿದ್ದಂತೆ ಒಂದು ಹಲ್ಲು ಇಳಿಸಿ, ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದು ಏರಿಸಿ.